ಏಳುನೂರ ನಲವತ್ತೆರಡು ಸುತ್ತು

ಡಿಗ್ರಿ ಮೂರನೇ ವರ್ಷದ ಮಳೆಗಾಲದಲ್ಲಿ, ಅಂತರ ಕಾಲೇಜು ಪಂದ್ಯಾವಳಿಯ ಹಿಂದಿನ ದಿನದ ತನಕ, ನಾನು ನಮ್ಮ ಕಾಲೇಜಿನ ಮೈದಾನವನ್ನು ಏಳುನೂರ ನಲವತ್ತೆರಡು ಸಲ ಸುತ್ತಿದೆ. ಇದು ಅಂದಾಜಲ್ಲ, ದಿನದಿನದ ಲೆಕ್ಕ ನೋಟ್‌ಬುಕ್ಕಿನಲ್ಲಿದೆ. ಒಂದು ಸುತ್ತಿಗೆ ಇನ್ನೂರೈವತ್ತು ಮೀಟರ್ ಹಿಡಿದರೆ ಕಲಬುರಗಿಯಿಂದ ಕಮಲಾಪುರಕ್ಕೆ ಎರಡೂವರೆ ಸಲ ಹೋಗಿಬಂದಷ್ಟು ದೂರ. ಅದರಲ್ಲಿ ನೂರ ಅರವತ್ತನಾಲ್ಕು ಸುತ್ತನ್ನು ನಾನು ಓಡಬೇಕಾಗಿಯೇ ಇರಲಿಲ್ಲ ಎಂಬುದು ಬಹಳ ತಡವಾಗಿ ಗೊತ್ತಾಯಿತು.

ಬರೆದಿಡುವ ಚಟ ಅಪ್ಪನ ಗಿರಣಿಯಲ್ಲಿ ಹತ್ತಿದ್ದು. ಕಮಲಾಪುರದಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಜೋಳದ ಡಬ್ಬಿಗಳು ಸಾಲಾಗಿ ಬಂದು ಕೂಡುತ್ತಿದ್ದವು. ಯಾರ ಪಾಳಿ ಮೊದಲು, ಯಾರದು ಆಮೇಲೆ ಎಂಬ ಜಗಳ ಆಗದಂತೆ ಪ್ರತಿ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ನಂಬರ್ ಬರೆಯುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ನಂಬರ್ ಬರೆದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆ ಸಮಾಧಾನ ನನಗೆ ಈಗಲೂ ಬೇಕು.

ಕಾಲೇಜಿನ ಮೊದಲೆರಡು ವರ್ಷ ನಾನು ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದೆ. ಹುಡುಗಿಯರ ಖೋಖೋ ತಂಡದಲ್ಲಿದ್ದುದರಿಂದ ಸೀಟಿಗೆ ಏನೂ ಕೊಡಬೇಕಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಹಾಲು, ಒಂದು ಮೊಟ್ಟೆ. ಮೈದಾನ ಮೂರು ನಿಮಿಷದ ದಾರಿ. ಆಗ ತಂಡದಲ್ಲಿ ಹನ್ನೆರಡು ಜನರಿದ್ದೆವು. ನಮ್ಮ ಕ್ರೀಡಾ ಶಿಕ್ಷಕರಿಗೆ ಹೆಸರು ನೆನಪಿಡುವುದು ಆಗದು. ಎಲ್ಲರನ್ನೂ ಊರಿನ ಹೆಸರಿನಿಂದ ಕರೆಯುತ್ತಿದ್ದರು. ನಾನು 'ಕಮಲಾಪುರ'. ನನ್ನ ರೂಮಿನ ಗೆಳತಿ 'ಚಿಂಚೋಳಿ'. ಅವಳು ಕಂಬ ಹಿಡಿದು ಗಾಳಿಯಲ್ಲಿ ಉದ್ದಕ್ಕೆ ಚಾಚಿ ಎದುರಾಳಿಯನ್ನು ಮುಟ್ಟುವುದರಲ್ಲಿ ಇಡೀ ಜಿಲ್ಲೆಗೆ ಗೊತ್ತಿದ್ದವಳು. ನಾನು ಸಾಧಾರಣ ಆಟಗಾರ್ತಿ. ನಾಲ್ಕನೇ ಚೌಕದಲ್ಲಿ ಕೂತು, ಖೋ ಕೊಟ್ಟರೆ ಎದ್ದು ಓಡಿ, ಮುಂದಿನವಳಿಗೆ ಖೋ ಕೊಡುವಷ್ಟು.

ಜುಲೈ ಮೊದಲ ಬುಧವಾರ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಈ ವರ್ಷ ನೆರವು ಕಡಿತವಾಗಿರುವುದರಿಂದ ಕ್ರೀಡಾ ವಿದ್ಯಾರ್ಥಿಗಳ ಉಚಿತ ಹಾಸ್ಟೆಲ್ ಸೀಟುಗಳು ಹದಿನೈದರಿಂದ ಆರಕ್ಕೆ ಇಳಿದಿವೆ, ಬೆಳಗಿನ ಹಾಲು ಮೊಟ್ಟೆ ಇರುವುದಿಲ್ಲ ಎಂದಿತ್ತು. ರಾಜ್ಯಮಟ್ಟದ ಪದಕ ಇದ್ದವರಿಗೆ ಮೊದಲ ಆದ್ಯತೆ. ಖೋಖೋದಲ್ಲಿ ತಂಡ ಗೆಲ್ಲುತ್ತದೆಯೇ ಹೊರತು ಒಬ್ಬೊಬ್ಬರ ಕೊರಳಿಗೆ ಬೇರೆ ಬೇರೆ ಪದಕ ಎಲ್ಲಿಂದ ಬರಬೇಕು? ನಮ್ಮ ತಂಡಕ್ಕೆ ಸಿಕ್ಕಿದ್ದು ಎರಡೇ ಸೀಟು. ನನಗಿಲ್ಲ. ಚಿಂಚೋಳಿಗೂ ಇಲ್ಲ.

ಅವಳು ಟ್ರಂಕು ತುಂಬುತ್ತಿದ್ದಾಗ ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ.

"ನಿಂದೇನು, ಕಮಲಾಪುರ ಹತ್ರ ಅದ, ಓಡಾಡ್ತಿ," ಅಂದಳು. "ನಮ್ಮೂರಿಂದ ಮೊದಲ್ನೇ ಬಸ್ ಇಲ್ಲಿ ಮುಟ್ಟೂದ್ರಾಗ ನೀವು ಪ್ರಾಕ್ಟೀಸ್ ಮುಗಿಸಿ ನಾಷ್ಟಾ ಮಾಡಿರ್ತೀರಿ. ನಮ್ ತಾಲೂಕಿನ ಕಾಲೇಜಿಗೇ ಹೋಗ್ತೀನಿ."

"ಅಲ್ಲಿ ಹುಡುಗ್ಯಾರ ಟೀಮ್ ಅದ ಏನು?"

"ಟೀಮೂ ಇಲ್ಲ, ಕಂಬಾನೂ ಇಲ್ಲ. ಮನಿ ಮುಂದ ಲೈಟಿನ ಕಂಬ ಅದ, ಅದಕ್ಕೇ ಜೋತು ಬೀಳ್ತೀನಿ." ನಕ್ಕಳು. ಮೊಣಕಾಲಿಗೆ ಹಾಕುವ ತನ್ನ ಪಟ್ಟಿಯನ್ನು ನನ್ನ ಕಡೆ ಎಸೆದಳು. "ಇದು ತಗೋ. ನನ್ನ ಪಾಲಿಂದು ಇದು ಆಡ್ಲಿ."

ಇನ್ನಿಬ್ಬರೂ ಹಾಗೆಯೇ ಹೋದರು. ಹನ್ನೆರಡರಲ್ಲಿ ಮೂರು ಹೋದರೆ ಒಂಬತ್ತು. ಖೋಖೋಗೆ ಒಂಬತ್ತು ಜನ ಬೇಕೇ ಬೇಕು. ಒಬ್ಬಳಿಗೆ ಜ್ವರ ಬಂದರೂ ತಂಡವಿಲ್ಲ.

ಆ ಒಂಬತ್ತನೆಯವಳು ನಾನು. ನಮ್ಮ ಮನೆಯಲ್ಲಿ ಅಪ್ಪ ಆಗಲೇ ವರ್ಗಾವಣೆಯ ಅರ್ಜಿ ತಂದು ಗಿರಣಿಯ ಗೂಡಿನಲ್ಲಿ ಇಟ್ಟಿದ್ದರು. ಕಮಲಾಪುರದಲ್ಲೇ ಕಾಲೇಜಿದೆ, ಮನೆಯಿಂದ ಹತ್ತು ನಿಮಿಷ. ಅಲ್ಲಿ ಖೋಖೋ ತಂಡ ಇಲ್ಲ ಎಂಬುದು ಅಪ್ಪನಿಗೆ ದೊಡ್ಡ ಕೊರತೆಯಾಗಿ ಕಾಣಲಿಲ್ಲ.

"ಆರಕ್ಕ ಅಲ್ಲಿರಬೇಕಂದ್ರ ನಸುಕಿನ್ಯಾಗ ಒಬ್ಬಾಕಿ ಹೋಗಬೇಕು," ಅಂದರು. "ಆಡಬ್ಯಾಡ ಅನ್ನಂಗಿಲ್ಲ ನಾ. ಆದ್ರ ಕತ್ತಲದಾಗ, ಯಾರರೆ ಜೋಡಿ ಇಲ್ದ?"

ಅವ್ವ ನಡುವೆ ಬಂದಳು. "ದಸರಾ ಸೂಟಿ ತನಕ ನೋಡೂಣು. ಆಗಲಿಲ್ಲಂದ್ರ ಆ ಹಾಳಿ ತುಂಬಿ ಕೊಡ್ರಿ."

"ದಸರಾ ತನಕ," ಅಂದರು ಅಪ್ಪ. ಅವರು ಗಡುವು ಹೇಳಿದರೆ ಗಿರಣಿಯ ಪಾಳಿಯ ಹಾಗೆ, ಬದಲಾಗದು. ನಾನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನಾಲ್ಕು ಗೀಟು ಎಳೆದೆ. ಬಸ್ಸು ಬಿಟ್ಟ ಸಮಯ, ಕಲಬುರಗಿ ಬಸ್ ನಿಲ್ದಾಣ ಮುಟ್ಟಿದ ಸಮಯ, ಮೈದಾನದ ಗೇಟು, ಮತ್ತು ಸುತ್ತು.

ಸುತ್ತು ಯಾಕೆಂದರೆ ನಮ್ಮ ಸರ್ ಅವರದು ಒಂದೇ ಕಾನೂನು. ಎಷ್ಟು ನಿಮಿಷ ತಡವೋ ಅಷ್ಟು ಸುತ್ತು. ಸುತ್ತು ಮುಗಿಸದೆ ಚೌಕದಲ್ಲಿ ಕೂಡುವಂತಿಲ್ಲ. ಮೈದಾನಕ್ಕೆ ಮೊಬೈಲ್ ತರುವಂತಿಲ್ಲ. ಸರ್ ಕೈಯಲ್ಲಿನ ಕೀಲಿ ಕೊಡುವ ಹಳೆಯ ಗಡಿಯಾರವೇ ಕೊನೆಯ ಮಾತು. ನನ್ನ ಹತ್ತಿರ ಗಡಿಯಾರವಿರಲಿಲ್ಲ; ಬಸ್ಸಿನ ಸಮಯ ಕಂಡಕ್ಟರ್‌ನ ಗಡಿಯಾರದಿಂದ, ನಿಲ್ದಾಣದ್ದು ಅಲ್ಲಿನ ಗಡಿಯಾರದಿಂದ, ಗೇಟಿನದು ಸರ್ ಗಡಿಯಾರದಿಂದ ಬರೆಯುತ್ತಿದ್ದೆ. ಹಾಸ್ಟೆಲ್‌ನಲ್ಲಿದ್ದ ಎರಡು ವರ್ಷ ನಾನು ಒಂದು ಸುತ್ತೂ ಓಡಿರಲಿಲ್ಲ, ಹಾಗಾಗಿ ಅದು ಬಹಳ ಒಳ್ಳೆಯ ಕಾನೂನು ಎಂದೇ ಅಂದುಕೊಂಡಿದ್ದೆ.

ಜುಲೈ ಮೂರನೇ ಸೋಮವಾರ, ಮೊದಲ ದಿನ. ಅವ್ವ ಟಾರ್ಚ್ ಹಿಡಿದು ಮುಖ್ಯರಸ್ತೆಯ ತನಕ ಬಂದು, ಬಸ್ಸಿನ ಬೆಳಕು ಕಂಡೊಡನೆ ಕಲಸಿಟ್ಟ ಹಿಟ್ಟು ನೆನಪಾಗಿ ತಿರುಗಿ ಹೋದಳು. ಮೊದಲ ಬಸ್ಸೇ ಅದು, ಐದೂ ಐದಕ್ಕೆ ಬಿಡಬೇಕು. ಆದರೆ ಹಿಂದಿನ ಬಾಗಿಲಲ್ಲಿ ಒಬ್ಬ ವಯಸ್ಸಾದ ಆಯಿ ಕಲಬುರಗಿಯ ಮಾರ್ಕೆಟ್ಟಿಗೆ ಕೆಂಪು ಬಾಳೆಹಣ್ಣಿನ ಎಂಟು ಬುಟ್ಟಿ ಏರಿಸುತ್ತಿದ್ದಳು. ಒಂದೊಂದೇ ಬುಟ್ಟಿ ತಾನೇ ಎತ್ತಿ, ತಾನೇ ಹತ್ತಿ, ಒಳಗೆ ಜೋಡಿಸಿ, ಮತ್ತೆ ಇಳಿದು. ಬಸ್ಸು ಬಿಟ್ಟಾಗ ಐದೂ ಹತ್ತು. ನಿಲ್ದಾಣ ಆರೂ ಐದು. ಅಲ್ಲಿಂದ ನಡೆದು ಗೇಟು ಮುಟ್ಟಿದೆ. ಸರ್ ಗಡಿಯಾರ ನೋಡಿದರು.

"ಇಪ್ಪತ್ತಾರು," ಅಂದರು.

"ಸರ್, ಬಸ್ಸು..."

"ಬಸ್ಸಿಗಿ ನಾ ಏನ್ ಅಂದಿಲ್ಲ, ಕಮಲಾಪುರ. ಇಪ್ಪತ್ತಾರು. ಮೂಲಿ ಕತ್ತರಿಸಬ್ಯಾಡ, ಸುತ್ತಲಿನ ಕಟ್ಟಿ ಹಿಡ್ಕೊಂಡೇ ಓಡು."

ಅಂದಿನ ಅಭ್ಯಾಸವೆಲ್ಲ ಸುತ್ತಿನಲ್ಲೇ ಮುಗಿಯಿತು. ಮೊದಲ ತರಗತಿಯಲ್ಲಿ ನಿದ್ದೆ ಹೋದೆ. ಆ ದಿನದ ಪುಟದಲ್ಲಿ 'ಕಾಲು ಇವೆ' ಎಂದಷ್ಟೇ ಬರೆದಿದ್ದೇನೆ.

ಮೂರನೇ ದಿನ ಕಂಡಕ್ಟರ್ ಕೇಳಿದ. ಮೂವತ್ತರ ಆಸುಪಾಸಿನ, ಮಾತು ನಿಲ್ಲದ ಮನುಷ್ಯ. ಹೆಣ್ಣುಮಕ್ಕಳಿಗೆ ಕೊಡುವ ಜೀರೋ ಟಿಕೆಟ್ ಹರಿದು ಕೈಗಿಡುತ್ತ, "ಏನ್ ತಂಗಿ, ಗಳಿಗಿಗೊಮ್ಮಿ ಉಸಿರು ಬಿಡ್ಲಾಕತ್ತಿ? ಪರೀಕ್ಷಾ ಏನರೆ ಅದಾ?" ಅಂದ.

"ಇಲ್ರಿ ಅಣ್ಣಾ. ಒಂದ್ ನಿಮಿಷ ತಡ ಆದ್ರ ಒಂದ್ ಸುತ್ತು ಓಡಬೇಕ್ರಿ."

"ಬಸ್ ತಡ ಆದ್ರ ನಿನಗ್ಯಾಕ ಶಿಕ್ಷಾ? ನಮ್ ಡ್ರೈವರ್‌ಗೆ ಓಡು ಅನ್ನಬೇಕಪ್ಪ."

"ನನ್ನ ಹೊಟ್ಟಿ ನೋಡಿ ಮಾತಾಡೋ," ಎಂದು ಮುಂದಿನಿಂದ ಡ್ರೈವರ್ ಕೂಗಿದ.

ಹಿಂದಿನ ಸೀಟಿನಲ್ಲಿ ಬುಟ್ಟಿಗಳ ನಡುವೆ ಕೂತಿದ್ದ ಆಯಿ ಇದನ್ನೆಲ್ಲ ಕೇಳಿಸಿಕೊಂಡಳು. "ನನ್ನ ಬುಟ್ಟಿ ಸಲುವಾಗಿ ಹುಡುಗಿ ಓಡ್ತದಾ? ನನ್ನ ಪಾಲಿಂದು ಎಷ್ಟವ್ವ?"

ನಾನು ನೋಟ್‌ಬುಕ್ ತೆಗೆದೆ. "ಎಂಟು ಬುಟ್ಟಿಗಿ ಐದು ನಿಮಿಷ ಹಿಡೀತದ ಆಯಿ. ಐದು ಸುತ್ತು."

"ಅಯ್ಯ ಶಿವನೇ. ಅಷ್ಟು ಸುತ್ತು ಗುಡಿಗಿ ಹಾಕಿದ್ರ ಪುಣ್ಯರೆ ಬರ್ತಿತ್ತು."

ಬಸ್ಸೆಲ್ಲ ನಕ್ಕಿತು. ಆದರೆ ಮರುದಿನ ನಾನು ಹೋಗುವಷ್ಟರಲ್ಲಿ ಆಯಿ ಬುಟ್ಟಿಗಳನ್ನು ರಸ್ತೆಯಂಚಿಗೆ ಸಾಲಾಗಿ ಇಟ್ಟುಕೊಂಡು ನಿಂತಿದ್ದಳು. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತೆ, ಕಂಡಕ್ಟರ್ ಒಳಗೆ. ಆಯಿ ಕೊಟ್ಟಳು, ನಾನು ತೆಗೆದುಕೊಂಡೆ, ಕಂಡಕ್ಟರ್ ಜೋಡಿಸಿದ. ಖೋಖೋದಲ್ಲಿ ನಾವು ಮಾಡುವುದೂ ಇದೇ, ಕೂತವಳು ಕೂತಲ್ಲೇ ಇರಬೇಕು, ಬಂದದ್ದನ್ನು ಮುಂದೆ ದಾಟಿಸಬೇಕು. ಮೂರು ನಿಮಿಷಕ್ಕೆ ಇಳಿಯಿತು. ವಾರ ಕಳೆಯುವಷ್ಟರಲ್ಲಿ ಸಾಲಿಗೆ ಇನ್ನಿಬ್ಬರು ಪ್ರಯಾಣಿಕರು ಸೇರಿ ಒಂದೂವರೆ ನಿಮಿಷ ಆಯಿತು. ಬಸ್ಸು ಹಳ್ಳಿಹಳ್ಳಿಗೆ ನಿಂತಾಗಲೂ ಕಂಡಕ್ಟರ್‌ನದು ಅದೇ ಮಾತು: "ಜಲ್ದಿ ಹತ್ರಿ, ಜಲ್ದಿ. ನೀವು ಹಿಂಗ ಗೋಣು ಹಾಕ್ಕೊಂಡು ಬಂದ್ರ ಇಲ್ಲೊಬ್ಬಾಕಿ ಓಡಬೇಕಾಗ್ತದ." ಏನೂ ಗೊತ್ತಿಲ್ಲದವರು ಗಾಬರಿಯಾಗಿ ಹತ್ತುತ್ತಿದ್ದರು, ಗೊತ್ತಿದ್ದವರು "ಇವತ್ತೆಷ್ಟವ್ವ?" ಎಂದು ಕೇಳುತ್ತ ಹತ್ತುತ್ತಿದ್ದರು.

ಬುಟ್ಟಿ ಏರಿಸುವಾಗ ಚಿಪ್ಪಿನಿಂದ ಬಿಡಿಯಾಗಿ ಉದುರಿದ ಹಣ್ಣನ್ನು ಮಾರ್ಕೆಟ್ಟಿನಲ್ಲಿ ಯಾರೂ ಕೊಳ್ಳುವುದಿಲ್ಲ. ಆಯಿ ಅವನ್ನು ನನ್ನ ಚೀಲಕ್ಕೆ ಹಾಕತೊಡಗಿದಳು. ದಿನಕ್ಕೆ ಆರು, ಕೆಲವು ದಿನ ಏಳು. ಅಭ್ಯಾಸ ಮುಗಿದ ಮೇಲೆ ನಾವು ಒಂಬತ್ತು ಜನ ಕಟ್ಟೆಯ ಮೇಲೆ ಕೂತು ಹಂಚಿಕೊಂಡು ತಿನ್ನುತ್ತಿದ್ದೆವು. ನಿಂತುಹೋದ ಹಾಲು ಮೊಟ್ಟೆಗೆ ಅದು ಸಮನಲ್ಲ, ಆದರೆ ಹಾಸ್ಟೆಲ್ ಮೊಟ್ಟೆಗೆ ಆ ಪರಿಮಳ ಇರಲಿಲ್ಲ. ಪಂದ್ಯಾವಳಿಯ ತನಕ ಮುನ್ನೂರ ಎಂಬತ್ತೊಂದು ಹಣ್ಣು ತಿಂದಿದ್ದೇವೆ.

"ಹಣ್ಣು ಜಾಸ್ತಿ ಬೀಳ್ಲಾಕತ್ತಾವಲ್ಲ ಆಯಿ, ಬುಟ್ಟಿ ಸಡಿಲ ಅದ ಏನು?" ಎಂದು ಒಮ್ಮೆ ಕಂಡಕ್ಟರ್ ಕಣ್ಣು ಮಿಟುಕಿಸಿ ಕೇಳಿದ.

"ನಿನ್ನ ಬಸ್ ಕುಲುಕಿದ್ರ ಬೀಳಲಾರದೇ ಏನು ಮಾಡ್ತಾವ? ಸುಮ್ ಟಿಕೆಟ್ ಹರಿ," ಅಂದಳು. ಆಯಿ ಬೆರಳಿನಿಂದ ಚಿಪ್ಪು ಬಿಡಿಸುತ್ತಿದ್ದುದನ್ನು ನಾನೂ ನೋಡಿದ್ದೆ. ಪುಸ್ತಕದಲ್ಲಿ 'ಉದುರಿದ್ದು' ಎಂದೇ ಬರೆದೆ.

ಸಂಜೆ ಅವ್ವನ ಫೋನಿಗೆ ಚಿಂಚೋಳಿಯ ಕರೆ ಬರುತ್ತಿತ್ತು. ನಮಸ್ಕಾರ, ಊಟ ಏನೂ ಇಲ್ಲ.

"ಎಷ್ಟು?"

"ಹದಿಮೂರು."

"ನಿನ್ನೆ ಹನ್ನೆರಡಿತ್ತಲ್ಲ. ಸೋಮಾರಿ ಆಗಿ ನೀ."

"ಟಂಟಂ ಗಾಡಿ ಅಡ್ಡ ಬಂತು. ನಿಂದೇನು?"

"ಲೈಟಿನ ಕಂಬಕ್ಕ ಹಾರ್ಲಾಕತ್ತಿದ್ದೆ, ನಮ್ ಕಾಕಾ ನೋಡಿ ಹುಡುಗಿಗಿ ಕರೆಂಟ್ ಹೊಡದದ ಅಂತ ಓಡಿ ಬಂದ." ಆಮೇಲೆ, "ಮೈದಾನದಾಗ ನೀರು ನಿಂತದ ಏನು, ಆ ಬೇವಿನ ಗಿಡದ ಕಡಿ?" ಎಂದು ಕೇಳುತ್ತಿದ್ದಳು. ನಿಂತಿದೆ ಎಂದರೆ ಸಾಕು, ಅವಳಿಗೆ ಮೈದಾನ ಕಂಡಂತೆ.

ಎಲ್ಲರಿಗೂ ನನ್ನ ಹಾಗೆ ಬಸ್ಸು ಸಿಗಲಿಲ್ಲ. ನಮ್ಮ ತರಗತಿಯಲ್ಲಿ ವಿದ್ಯಾರ್ಥಿವೇತನ ಅರ್ಧ ಬಂದವರು, ಬಾರದೇ ಇದ್ದವರು ಇದ್ದರು. ಉದ್ದ ಜಿಗಿತದ ಹುಡುಗನೊಬ್ಬ ಸ್ಟೇಶನ್ ಬಜಾರದ ಲಾಡ್ಜ್ ಒಂದರಲ್ಲಿ ಸಂಜೆ ಕೆಲಸಕ್ಕೆ ಸೇರಿ ಜಿಗಿತದ ಮರಳಿಗೆ ಬರುವುದು ಬಿಟ್ಟ. ನನ್ನ ಬೆಂಚಿನವಳು ಜೇವರ್ಗಿ ಕಾಲೋನಿಯಲ್ಲಿ ಮಕ್ಕಳಿಗೆ ಟ್ಯೂಶನ್ ಹೇಳಲು ಹೋಗಿ ಮೊದಲ ತರಗತಿ ತಪ್ಪಿಸುತ್ತಿದ್ದಳು; ಅವಳಿಗೆ ನಾನು ನೋಟ್ಸ್ ಬರೆದು ಕೊಡುತ್ತಿದ್ದೆ, ನಾನು ನಿದ್ದೆ ಹೋದ ದಿನಗಳದ್ದನ್ನು ಬಿಟ್ಟು.

ನಾನಂತೂ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದೆ. ಆಗಸ್ಟ್ ಮುಗಿಯುವಷ್ಟರಲ್ಲಿ ನಿಲ್ದಾಣದಿಂದ ಮೈದಾನಕ್ಕೆ ಚೀಲ ಬೆನ್ನಿಗೆ ಕಟ್ಟಿ ಓಡುತ್ತಿದ್ದೆ. ಸುತ್ತು ಮುಗಿದ ಮೇಲೂ ಉಸಿರು ಇರುತ್ತಿತ್ತು. ಆದರೂ ಸುತ್ತಿನ ಸಂಖ್ಯೆ ಹನ್ನೆರಡರ ಕೆಳಗೆ ಇಳಿಯಲೊಲ್ಲದು. ಅದು ನನ್ನನ್ನು ಕಾಡತೊಡಗಿತು. ಒಂದು ಭಾನುವಾರ ಅವ್ವನ ಮೊಬೈಲ್ ತೆಗೆದುಕೊಂಡು ಕಲಬುರಗಿಗೆ ಹೋದೆ. ನಿಲ್ದಾಣದ ಗಡಿಯಾರ ನೋಡಿದೆ, ಸರಿಯಾಗಿತ್ತು. ಅಲ್ಲಿಂದ ಚೀಲ ಹೊತ್ತು ಗೇಟಿನ ತನಕ ಮೂರು ಸಲ ಓಡಿ ನೋಡಿದೆ. ಮೂರು ಸಲವೂ ಒಂಬತ್ತು ನಿಮಿಷ. ಮೊದಮೊದಲಿನ ಹಾಗೆ ನಡೆದೂ ನೋಡಿದೆ, ಹದಿನೇಳು. ಅಂದರೆ ಐದೂ ಐವತ್ತೊಂಬತ್ತಕ್ಕೆ ನಿಲ್ದಾಣ ಮುಟ್ಟಿದ ದಿನ ನಾನು ಗೇಟಿನಲ್ಲಿ ಆರೂ ಎಂಟಕ್ಕೆ ಇರಬೇಕು. ಸರ್ ಓಡಿಸಿದ್ದು ಹನ್ನೆರಡು. ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಪ್ರತಿ ದಿನವೂ ನಾಲ್ಕು ಹೆಚ್ಚು. ಒಂದು ದಿನವೂ ತಪ್ಪಿಲ್ಲ.

ಮರುದಿನ, ನಲವತ್ತೆರಡನೇ ದಿನ, ಸುತ್ತು ಓಡುವ ಮೊದಲೇ ಪುಸ್ತಕ ಹಿಡಿದು ಸರ್ ಮುಂದೆ ನಿಂತೆ. ಉಳಿದ ಎಂಟು ಜನ ಚೌಕಗಳಲ್ಲಿ ಕೂತಲ್ಲಿಂದಲೇ ಕತ್ತು ಚಾಚಿದರು.

"ಸರ್, ನಿಮ್ಮ ಗಡಿಯಾರ ನಾಲ್ಕು ನಿಮಿಷ ಮುಂದ ಅದ್ರಿ."

"ಈ ಗಡಿಯಾರಾ?" ಅವರು ಅದನ್ನು ಮಗುವಿನ ಹಾಗೆ ಕೈಯಿಂದ ಮುಚ್ಚಿಕೊಂಡರು. "ದಿನಾ ನಸುಕಿನ್ಯಾಗ ಕೀಲಿ ಕೊಟ್ಟು ರೈಲಿಗಿ ಕೂಡಿಸ್ತೀನಿ. ನಮ್ ಮನಿ ಸ್ಟೇಶನ್ ಹಿಂದೇ ಅದ. ಇಲ್ಲಿಂದಲೇ ಹೊಂಡೋ ಪ್ಯಾಸೆಂಜರ್ ಗಾಡಿ ಸೀಟಿ ಹೊಡೀತಂದ್ರ ಐದೂ ಇಪ್ಪತ್ತು. ಹದಿನೆಂಟು ವರ್ಷ ಆಯ್ತು, ತಪ್ಪಿಲ್ಲ."

ಪುಸ್ತಕ ಕೊಟ್ಟೆ. ಅವರು ಪುಟ ತಿರುವುತ್ತ ಹೋದರು. ಆಮೇಲೆ ಕಟ್ಟೆಯ ಮೇಲಿಟ್ಟಿದ್ದ ತಮ್ಮ ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಿದರು. ಸ್ಟೇಶನ್ನಿನಲ್ಲಿ ಕೆಲಸ ಮಾಡುವ ಪರಿಚಯದವರಂತೆ. ಮಾತು ಮುಗಿಸಿ ಮೊಬೈಲನ್ನು ಮತ್ತೆ ಕಟ್ಟೆಯ ಮೇಲಿಟ್ಟರು.

"ಟೈಮ್ ಟೇಬಲ್ ಬದಲಾಗ್ಯಾದಂತ," ಅಂದರು. "ಐದೂ ಹದಿನಾರಕ್ಕ ಬಿಡ್ತಾರಂತ ಈಗ. ರೈಲು ತಡ ಆಗ್ತದಂದ್ರ ನಂಬಬಹುದು. ಜಲ್ದಿ ಹೋಗ್ತದಂತ ಯಾವ ಮನುಷ್ಯಾ ಅಂದ್ಕೋತಾನ?"

ಹಾಗಾದರೆ ನಮ್ಮ ಇಡೀ ಅಭ್ಯಾಸ ದಿನಾ ನಾಲ್ಕು ನಿಮಿಷ ಮೊದಲೇ ಶುರುವಾಗಿ ನಾಲ್ಕು ನಿಮಿಷ ಮೊದಲೇ ಮುಗಿಯುತ್ತಿತ್ತು. ಹಾಸ್ಟೆಲ್‌ನವರು, ಊರಲ್ಲೇ ಇದ್ದವರು ಸರ್ ಸೀಟಿ ಕೇಳಿದರೆ ಆರು ಆಯಿತು ಎಂದು ತಿಳಿಯುವವರು. ಅದನ್ನು ಕಾಲಿನಿಂದ ತೆತ್ತವಳು ನಾನೊಬ್ಬಳೇ.

"ಎಷ್ಟಾಗ್ತದ ಒಟ್ಟು?"

"ನಲವತ್ತೊಂದು ದಿನ ರೀ ಸರ್. ನೂರಾ ಅರವತ್ತನಾಲ್ಕು ಸುತ್ತು."

ಚೌಕದಿಂದ ಯಾರೋ, "ವಾಪಸ್ ಕೊಡ್ರಿ ಸರ್," ಅಂದಳು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು.

ಸರ್ ಗಡಿಯಾರ ಬಿಚ್ಚಿ ಮುಳ್ಳು ಹಿಂದೆ ಸರಿಸಿ ಸರಿ ಮಾಡಿದರು. "ಕಾನೂನು ಎಲ್ಲರಿಗೂ ಒಂದೇ," ಅಂದರು. "ನಾಳಿಂದ ದಿನಾ ನಾಲ್ಕು. ನೂರಾ ಅರವತ್ತನಾಲ್ಕು ಮುಗಿಯೋ ತನಕ. ಕಮಲಾಪುರ, ಲೆಕ್ಕ ನಿಂದು."

ಐವತ್ತು ದಾಟಿದ, ಮುಂದೆ ಸಣ್ಣ ಹೊಟ್ಟೆ ಇದ್ದ ಅವರು ಹೇಳಿದ ಹಾಗೆಯೇ ಮಾಡಿದರು. ಮರುದಿನ ನಾನು ನನ್ನ ಸುತ್ತು ಮುಗಿಸಿ ಕಟ್ಟೆ ಹತ್ತಿದೆ, ಅವರು ಸೀಟಿಯನ್ನು ನನ್ನ ಕೈಗಿಟ್ಟು ಇಳಿದರು. ಎಂಟು ಹುಡುಗಿಯರು ಕೋರಸ್ಸಿನಲ್ಲಿ ಎಣಿಸಿದರು: "ಒಂದ್ ರೀ ಸರ್, ಎರಡ್ ರೀ ಸರ್."

"ಸುಮ್ನ ಎಣಸ್ರಿ. ನಗಬ್ಯಾಡ್ರಿ."

ಮೂರನೇ ಸುತ್ತಿನಲ್ಲಿ ಅವರು ಬೇವಿನ ಮರದ ಹತ್ತಿರ ನೀರು ನಿಂತ ಜಾಗ ಬಿಟ್ಟು ಒಳಗಿನಿಂದ ಬಂದರು. ನಾನು ಸೀಟಿ ಊದಿದೆ. "ಸರ್, ಮೂಲಿ ಕತ್ತರಿಸಬ್ಯಾಡ್ರಿ. ಕಟ್ಟಿ ಹಿಡ್ಕೊಂಡೇ ಓಡ್ರಿ." ಆ ಮಾತನ್ನು ಹೇಳುವಾಗ ಆದ ಸುಖವನ್ನು ಬರೆಯಲು ನನ್ನ ಪುಸ್ತಕದಲ್ಲಿ ಗೀಟು ಇಲ್ಲ. ಸಂಜೆ ಫೋನಿನಲ್ಲಿ ಕೇಳಿ ಚಿಂಚೋಳಿ ನಗುನಗುತ್ತ ಫೋನೇ ಕೆಳಗೆ ಬಿಟ್ಟಳು.

ಒಂದು ಮಾತು ಮಾತ್ರ ನಗುವಿನದಲ್ಲ. ಹತ್ತು ಹನ್ನೆರಡು ದಿನವಾದ ಮೇಲೆ ಸರ್ ನನ್ನನ್ನು ಮೊದಲ ಸಲ ಓಟದ ಸರದಿಯಲ್ಲಿ ನಿಲ್ಲಿಸಿದರು, ಹಿಡಿಯುವ ಕಡೆಯಲ್ಲ, ತಪ್ಪಿಸಿಕೊಳ್ಳುವ ಕಡೆ. ನಾನು ಮೂರು ನಿಮಿಷ ಸಿಗಲಿಲ್ಲ. ಅವರು ಖುಷಿಯಿಂದ, "ನೋಡು ಕಮಲಾಪುರ, ಹಾಸ್ಟೆಲ್ ಸೀಟು ಹೋಗಿದ್ದು ನಿನಗ ಛಲೋನೇ ಆಯ್ತು. ಇಲ್ದಿದ್ರ ನೀ ನಾಲ್ಕನೇ ಚೌಕದಾಗೇ ಕುಂತಿರ್ತಿದ್ದ್ಯಾ," ಅಂದರು.

"ಹಂಗಂದ್ರ ಚಿಂಚೋಳಿ ಎಲ್ಲಿ ಸರ್?" ಅಂದೆ. ಸಿಟ್ಟಿನಿಂದಲ್ಲ. ನನ್ನ ಪುಸ್ತಕದಲ್ಲಿ ಅವಳ ಸಾಲು ಖಾಲಿ ಇತ್ತು, ಅದಕ್ಕೆ ಕೇಳಿದೆ.

ಅವರು ಕಂಬದ ಕಡೆ ನೋಡಿದರು. "ಅದೂ ಖರೆ," ಅಂದು ಸೀಟಿ ಊದಿದರು.

ಪಂದ್ಯಾವಳಿ ದಸರಾ ಸೂಟಿಗೆ ಮೂರು ದಿನ ಮೊದಲು ಬಂತು. ಅರವತ್ತೆರಡನೇ ದಿನಕ್ಕೆ ಅಭ್ಯಾಸ ಮುಗಿದಿತ್ತು. ನೋಟ್‌ಬುಕ್ಕಿನಲ್ಲೂ ಒಂದೇ ಹಾಳೆ ಉಳಿದಿತ್ತು. ಹಿಂದಿನ ಸಂಜೆ ಅಪ್ಪ ಗಿರಣಿಯಿಂದ ಬಂದು, ಕೂದಲಿನ ಹಿಟ್ಟು ಕೊಡವುತ್ತ, "ನಾಳೆ ನಾನೂ ಬರ್ತೀನಿ. ಒಂದ್ ಸಲ ನೋಡೇ ಬಿಡ್ತೀನಿ," ಅಂದರು. ಆ ಅರ್ಜಿ ಅವರ ಅಂಗಿಯ ಜೇಬಿನಲ್ಲಿ ಮಡಚಿಕೊಂಡು ಕೂತಿತ್ತು. ನನಗೆ ಚಿಂತೆ ಆ ಹಾಳೆಯದು. ಮ್ಯಾಚಿನದಲ್ಲ.

ಬೆಳಿಗ್ಗೆ ಐದಕ್ಕೆ ಮುಖ್ಯರಸ್ತೆಯಲ್ಲಿ ನಾನು ಎಂದಿನಂತೆ ಓಡಿಹೋಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತೆ. ಅಪ್ಪ ಶಾಲು ಹೊದ್ದು ಒಂದು ಬದಿಗೆ ನಿಂತು ನೋಡುತ್ತಿದ್ದರು. ಆಯಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಬುಟ್ಟಿ ಎತ್ತಿ ನೇರ ಅವರ ಎದೆಗೆ ಹಿಡಿದಳು.

"ಏ ಯಜಮಾನ, ಸುಮ್ ನಿಂತಿ ಯಾಕ? ಕೈ ಚಾಚು. ಹುಡುಗಿಗಿ ತಡ ಆಗ್ತದ."

"ಯಾವ ಹುಡುಗಿಗಿ?"

"ನಮ್ ಹುಡುಗಿಗಿ. ಬಸ್ಸಿಗೆಲ್ಲ ಗೊತ್ತದ, ನಿನಗೊಬ್ಬನಿಗೆ ಗೊತ್ತಿಲ್ಲ. ಹಿಡಿ, ಹಿಡಿ."

ಅಪ್ಪ ಬುಟ್ಟಿ ಹಿಡಿದರು. ನನಗೆ ದಾಟಿಸಿದರು. ಎಂಟೂ ಬುಟ್ಟಿ ಮುಗಿಯುವ ತನಕ ಜಾಗ ಬಿಟ್ಟು ಕದಲಲಿಲ್ಲ. ಒಂದು ನಿಮಿಷ ಹತ್ತು ಸೆಕೆಂಡು, ಅಲ್ಲಿಯವರೆಗಿನ ದಾಖಲೆ. ಕಂಡಕ್ಟರ್ ನನಗೆ ಜೀರೋ ಟಿಕೆಟ್ ಕೊಟ್ಟು, ಇವರು ಅಪ್ಪ ಎಂದು ನಾನು ಕಣ್ಣಲ್ಲೇ ತೋರಿಸಿದ ಮೇಲೆ ಅಪ್ಪನಿಗೆ ಪೂರ್ತಿ ಟಿಕೆಟ್ ಹರಿಯುತ್ತ, "ನಿಮ್ ಮಗಳ್ರೀ? ನಮಗೇನ್ ಗೊತ್ತ್ರಿ. ಒಂದ್ ದಿನ ಆಕಿ ಬರಲಿಲ್ಲಂದ್ರ ನಮ್ ಡ್ರೈವರ್ ಹಾರ್ನ್ ಹೊಡ್ಕೋತ ನಿಂತಿದ್ದನ್ರಿ," ಅಂದ. ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡು, "ಬೈದೆ ಅಂತ ಸಿಟ್ಟಾಗಬ್ಯಾಡಪ್ಪ, ಹಣ್ಣು ತಿನ್ನು," ಎಂದು ಎರಡು ಹಣ್ಣು ಕೊಟ್ಟಳು. ಚಿಪ್ಪಿನಿಂದ ಎಲ್ಲರೆದುರೇ ಕಿತ್ತು.

ಮೈದಾನದಲ್ಲಿ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಚಿಂಚೋಳಿಗೆ ಉದ್ದವಾಗಿ ಹೇಳಿ ಹೇಳಿ ಸಾಕಾಗಿದೆ. ಸೆಮಿಫೈನಲ್. ಎರಡೂ ಸರದಿ ಸೇರಿ ನಾವು ಹದಿನಾಲ್ಕು ಜನರನ್ನು ಹಿಡಿದಿದ್ದೆವು. ಅವರು ನಮ್ಮಲ್ಲಿ ಹನ್ನೊಂದು ಜನರನ್ನು ಹಿಡಿದಾಗ ನಮ್ಮ ಗುಂಪು ಒಳಗೆ ಇಳಿಯಿತು, ಮೂವರು. ಇಬ್ಬರು ಬೇಗ ಸಿಕ್ಕರು. ಎರಡು ನಿಮಿಷ ಐವತ್ತು ಸೆಕೆಂಡು ಉಳಿದಿತ್ತು, ಒಳಗೆ ನಾನೊಬ್ಬಳೇ. ನಾನು ಸಿಕ್ಕರೆ ಸಮ, ಸಿಗದಿದ್ದರೆ ನಮ್ಮದು.

"ಕಮಲಾಪುರ, ದೂರ ಓಡಬ್ಯಾಡ, ಸಾಲಿನ್ಯಾಗೇ ಹೆಣಿ," ಎಂದು ಸರ್ ಕೂಗಿದರು. ಕೂತವರ ನಡುನಡುವೆ ಹಾವಿನ ಹಾಗೆ ಹೆಣೆಯುತ್ತ ಹೋದೆ. ಹಿಂದಿನಿಂದ ಖೋ, ಖೋ ಎಂಬ ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಕಾಲಿಗೆ ದಣಿವು ಗೊತ್ತಾಗಲಿಲ್ಲ. ಮನಸ್ಸಿನಲ್ಲಿ ಬೇವಿನ ಮರ, ಗೇಟು, ಕಟ್ಟೆ, ಮತ್ತೆ ಬೇವಿನ ಮರ. ಒಮ್ಮೆ ಒಬ್ಬಳ ಬೆರಳು ನನ್ನ ಜಡೆಗೆ ತಾಗುವಷ್ಟು ಹತ್ತಿರ ಬಂತು, ನಾನು ಕೂತು ತಿರುಗಿ ಎದ್ದೆ. ಮೊಣಕಾಲಿಗೆ ಚಿಂಚೋಳಿಯ ಪಟ್ಟಿ ಇರದಿದ್ದರೆ ಸಿಪ್ಪೆ ಏಳುತ್ತಿತ್ತು. ಸೀಟಿ ಊದಿದಾಗ ನಾನು ಇನ್ನೂ ಓಡುತ್ತಿದ್ದೆ. ಎರಡು ಸಲ ಸುತ್ತಿದ ಮೇಲೆ ನಮ್ಮವರು ಹಿಡಿದು ನಿಲ್ಲಿಸಬೇಕಾಯಿತು.

ಮಧ್ಯಾಹ್ನದ ಫೈನಲ್‌ನಲ್ಲಿ ಎರಡು ಪಾಯಿಂಟಿನಿಂದ ಸೋತೆವು. ಎದುರಾಳಿಗಳು ಮೂರು ಸಲ ಕಂಬದ ಹತ್ತಿರ ನಮ್ಮ ಕೈ ತಪ್ಪಿಸಿಕೊಂಡರು. ಮೂರು ಸಲವೂ ಕಂಬದಿಂದ ಒಂದು ಮೊಳ ದೂರ. ಚಿಂಚೋಳಿ ಹಾರುತ್ತಿದ್ದ ದೂರ ಅದು. ನಾನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ: ಕಂಬ, ಮೂರು.

ಅಪ್ಪನಿಗೆ ಮಾತ್ರ ನಾವು ಸೋತದ್ದು ತಿಳಿಯಲೇ ಇಲ್ಲ. "ನೀ ಅಂತೂ ಯಾರ ಕೈಗೂ ಸಿಗಲಿಲ್ಲಲ್ಲ. ಮತ್ತ್ಯಾಕ ಆ ಹುಡುಗ್ಯಾರು ಅಳ್ಲಾಕತ್ತಾರ?" ಎಂದು ಸರ್ ಅವರನ್ನೇ ಕೇಳಿದರು. ಸರ್ ಅಪ್ಪನಿಗೆ ಖೋಖೋ ನಿಯಮ ವಿವರಿಸಲು ಹೋಗಿ, ಅರ್ಧಕ್ಕೆ ಬಿಟ್ಟು, "ಹೌದ್ರಿ, ಆಕಿ ಸಿಗಲಿಲ್ಲ ನೋಡ್ರಿ," ಅಂದರು. ಅಪ್ಪ ತಮ್ಮ ಜೇಬಿನಲ್ಲಿದ್ದ ಎರಡನೇ ಬಾಳೆಹಣ್ಣನ್ನು ಅವರಿಗೆ ಕೊಟ್ಟರು.

ಸಂಜೆಯ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಏನು ತೀರ್ಮಾನ ಮಾಡಿದ್ದಾರೋ ತಿಳಿಯದು. ಮನೆಗೆ ಬಂದು ಕೈಕಾಲು ತೊಳೆದು ನಾನು ಆ ದಿನದ ಲೆಕ್ಕ ಬರೆಯಲು ಕೂತೆ. ಜಾಗ ಸಾಲಲಿಲ್ಲ. ಕೊನೆಯ ಹಾಳೆಯ ಅಂಚಿನಲ್ಲೂ ಬರೆದು ಮುಗಿದಿತ್ತು.

"ಹಾಳಿ ಮುಗದಾವೇನು?" ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಹ್ಞೂಂ. ನಾಳೆ ಹೊಸಾದು ತರ್ತೀನಿ."

ಅವರು ಅಂಗಿಯ ಜೇಬಿನಿಂದ ಆ ಅರ್ಜಿ ತೆಗೆದರು. ನಾಲ್ಕು ಮಡಿಕೆ ಬಿಚ್ಚಿ, ಹಿಂದುಮುಂದು ಮಾಡಿ, ಖಾಲಿ ಇದ್ದ ಬದಿ ಮೇಲೆ ಬರುವಂತೆ ನನ್ನ ಮುಂದಿಟ್ಟರು. ಅಂಗೈಯಿಂದ ಒಮ್ಮೆ ಸವರಿ ಮಡಿಕೆ ಸರಿಮಾಡಿದರು.

"ಇದರ ಹಿಂದ ಏನೂ ಬರದಿಲ್ಲ. ಸುಮ್ನ ಯಾಕ ಹಾಳ ಮಾಡೂದು? ಬರ್ಕೋ." ಹೋಗುತ್ತ ಹೋಗುತ್ತ ತಿರುಗಿ, "ಆ ಆಯಿ ಬುಟ್ಟಿ ಜೋಡ್ಸೂದು ಸರಿ ಇಲ್ಲ. ದೊಡ್ಡವು ಮೊದಲು ಹೋಗಬೇಕು. ಸೂಟಿ ಮುಗದ ಮ್ಯಾಲ ಅವ್ವ ಬ್ಯಾಡ, ನಾ ಬರ್ತೀನಿ ರಸ್ತಾ ತನಕ," ಅಂದರು.

ನಾನು ಅವ್ವನ ಫೋನಿನಿಂದ ಚಿಂಚೋಳಿಗೆ ಕರೆ ಮಾಡಿದೆ. "ಮೂರು ಸಲ ಕಂಬದ ಹತ್ರ," ಅಂದೆ. "ಗೊತ್ತಿತ್ತು ನನಗ," ಅಂದಳು. "ಮತ್ತ ಸೂಟಿ ಆದ ಮ್ಯಾಲ ನೀ?" ಅಂದಳು. "ಐದೂ ಐದರ ಬಸ್ಸು," ಅಂದೆ. ಅವಳು ಕೂಗಿದ ಕೂಗಿಗೆ ಆ ಕಡೆ ಅವಳ ಕಾಕಾ ಮತ್ತೆ ಓಡಿ ಬಂದಿರಬೇಕು.

ಸೂಟಿ ಮುಗಿದ ಮೊದಲ ದಿನದ ಬರಹ ಆ ಅರ್ಜಿಯ ಬೆನ್ನ ಮೇಲಿದೆ. ಬುಟ್ಟಿ ಎಂಟು, ಅಪ್ಪ ಹೇಳಿದ ಕ್ರಮದಲ್ಲಿ, ಒಂದು ನಿಮಿಷ ಐದು ಸೆಕೆಂಡು. ನಿಲ್ದಾಣ ಐದೂ ಐವತ್ತೆಂಟು. ಸುತ್ತು, ಏಳು. ಹಣ್ಣು, ಆರು. ಸರ್ ಅವರ ಸುತ್ತು, ಮೊಣಕಾಲು ನೋವೆಂದು ಬಿಟ್ಟ ಎರಡು ದಿನ ಕಳೆದು, ಈ ತನಕ ಎಪ್ಪತ್ತಾರು, ಬಾಕಿ ಎಂಬತ್ತೆಂಟು.